ಸಹಿ ಹಾಕಿ, ಇಲ್ಲವೇ ಇಳಿಯಿರಿ: ಪೈಲಟ್ ಸಂಬಳ ಕಡಿತದ ಒಳಲೆಕ್ಕ

ಪೈಲಟ್‌ಗಳ ಸಂಬಳ ಕಡಿತದ ಸುದ್ದಿ ಬಂದಾಗಲೆಲ್ಲ ಬಳ್ಳಾರಿಯಂಥ ಊರಿನಲ್ಲಿ ಹುಟ್ಟುವ ಮೊದಲ ಪ್ರಶ್ನೆ ಇದು: ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಒಂದಿಷ್ಟು ಕಡಿಮೆಯಾದರೆ ಮುಳುಗಿಹೋಗುವುದೇನು? ಸಂಡೂರಿನ ಗಣಿ ಕೂಲಿ, ಬಳ್ಳಾರಿಯ ಜೀನ್ಸ್ ಹೊಲಿಗೆಯ ದರ, ಸಿಂಧನೂರಿನ ಭತ್ತದ ಬೆಲೆ ಇವನ್ನೆಲ್ಲ ದಿನವೂ ನೋಡುವವರು ಹೀಗೆ ಕೇಳಿದರೆ ತಪ್ಪು ಹಿಡಿಯಲಾಗದು. ಆದರೂ ಈ ಪ್ರಶ್ನೆ ಸಂಬಳದ ಮೊತ್ತವನ್ನಷ್ಟೇ ನೋಡುತ್ತದೆ. ಕಂಪನಿಗೆ ಕಷ್ಟ ಬಂದಾಗ ಇಂಧನದವನ ಬಿಲ್ಲು ಕಡಿತವಿಲ್ಲದೆ ಉಳಿಯುತ್ತದೆ, ವಿಮಾನ ಬಾಡಿಗೆಗೆ ಕೊಟ್ಟವನ ಕಂತು ಉಳಿಯುತ್ತದೆ, ನಿಲ್ದಾಣದ ಶುಲ್ಕ ಉಳಿಯುತ್ತದೆ; ಹಾರಿಸುವವನ ಸಂಬಳ ಮಾತ್ರ ಚೌಕಾಶಿಗೆ ಬರುತ್ತದೆ. ಅದೇಕೆ ಹಾಗೆ ಎಂಬುದು ವಿಚಾರಿಸಬೇಕಾದ ಸಂಗತಿ.

ವಿಮಾನ ಈಗ ಈ ಜಿಲ್ಲೆಗಳಿಗೆ ಅಪರೂಪದ ವಸ್ತುವಲ್ಲ. ತೋರಣಗಲ್ಲಿನ ವಿದ್ಯಾನಗರದಲ್ಲಿ ಜಿಂದಾಲ್ ಉಕ್ಕು ಕಾರ್ಖಾನೆಯ ವಿಮಾನ ನಿಲ್ದಾಣವಿದೆ. ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕೊಡುವ ಕೇಂದ್ರದ ಉಡಾನ್ ಯೋಜನೆಯಡಿ 2017ರಲ್ಲಿ ಟ್ರೂಜೆಟ್ ಸಂಸ್ಥೆಯ ಎಟಿಆರ್ ಎಂಬ ಸಣ್ಣ ವಿಮಾನ ಹೈದರಾಬಾದಿನಿಂದ ಅಲ್ಲಿಗೆ ಬರತೊಡಗಿತು. 2022ರ ಫೆಬ್ರುವರಿಯಲ್ಲಿ ಆ ಸಂಸ್ಥೆ ಹಾರಾಟವನ್ನೇ ನಿಲ್ಲಿಸಿತು. ರಾಯಚೂರಿನವರು ಯರಮರಸ್ ನಿಲ್ದಾಣದ ದಾರಿ ನೋಡುತ್ತಿದ್ದಾರೆ. ಕೊಪ್ಪಳದಲ್ಲಿ ಗಿಣಿಗೇರಾ ಬಳಿಯ ಖಾಸಗಿ ರನ್‌ವೇಯನ್ನು ಸಾರ್ವಜನಿಕ ಹಾರಾಟಕ್ಕೆ ಬಳಸುವ ಮಾತು ವರ್ಷಗಟ್ಟಲೆ ಎಳೆದಾಡಿದೆ. ಚಾಗನೂರು–ಸಿರಿವಾರದ ರೈತರ ವಿರೋಧದ ನಡುವೆ ಜಮೀನು ಪಡೆದ ಬಳ್ಳಾರಿಯ ಹೊಸ ನಿಲ್ದಾಣದ ಕಥೆಯನ್ನು ಇಲ್ಲಿನವರಿಗೆ ಮತ್ತೆ ಹೇಳಬೇಕಾಗಿಲ್ಲ. ಅತ್ತ ಕಲಬುರಗಿ, ಬೆಳಗಾವಿ ನಿಲ್ದಾಣಗಳಿಗೆ ಹಾರಾಟ ತರಬೇತಿ ಶಾಲೆಗಳು ಬಂದಿವೆ. ಹೊಲ ಅಡವಿಟ್ಟು ಮಗನನ್ನೋ ಮಗಳನ್ನೋ ಪೈಲಟ್ ಮಾಡಿಸುವ ಯೋಚನೆ ಈ ಭಾಗದ ಮನೆಗಳಿಗೂ ಬಂದಿರುವುದರಿಂದ, ಈ ಸಂಬಳ ಹೇಗೆ ಕಟ್ಟಲ್ಪಟ್ಟಿದೆ, ಹೇಗೆ ಕುಸಿಯುತ್ತದೆ ಎಂಬುದು ತಿಳಿದಿರಬೇಕು.

ಪೈಲಟ್‌ನ ಸಂಬಳ ಸರ್ಕಾರಿ ನೌಕರನ ಸಂಬಳದಂತೆ ಒಂದೇ ಮೊತ್ತವಾಗಿ ಬರುವುದಿಲ್ಲ. ಒಂದು ಭಾಗ ನಿಗದಿತ, ಇನ್ನೊಂದು ಭಾಗ ಹಾರಿದ ಗಂಟೆಗಳ ಮೇಲೆ. ಏರ್ ಇಂಡಿಯಾ ಸರ್ಕಾರದ ಕೈಯಲ್ಲಿದ್ದಾಗ ಅಲ್ಲಿನ ಪೈಲಟ್‌ಗಳ ಒಟ್ಟು ಗಳಿಕೆಯಲ್ಲಿ ಸುಮಾರು ಶೇ 70ರಷ್ಟು ಹಾರಾಟದ ಭತ್ಯೆಯೇ ಆಗಿತ್ತು. ಗಂಟೆಯ ಎಣಿಕೆ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ. ಮುಗಿಯುವುದು ಇನ್ನೊಂದು ಊರಿನಲ್ಲಿ ನಿಂತಾಗ. ಅದಕ್ಕೂ ಮುಂಚೆ ಹವಾಮಾನ ವರದಿ ಓದುವುದು, ಇಂಧನದ ಲೆಕ್ಕ ಹಾಕುವುದು, ವಿಮಾನದ ಸುತ್ತ ಒಂದು ಸುತ್ತು ಬಂದು ಪರೀಕ್ಷಿಸುವುದು, ಮಂಜು ಸರಿಯಲೆಂದು ಕಾಯುವುದು ಯಾವುದೂ ಈ ಎಣಿಕೆಗೆ ಬರುವುದಿಲ್ಲ. ಹಾಗಾಗಿ ಸಂಸ್ಥೆಗಳು ಒಂದು ಖಾತರಿ ಕೊಡುತ್ತಿದ್ದವು: ರೋಸ್ಟರ್ (ಹಾರಾಟದ ಪಾಳಿ ಪಟ್ಟಿ) ಕಡಿಮೆಯಾದರೂ ತಿಂಗಳಿಗೆ ಇಷ್ಟು ಗಂಟೆಯ ಹಣ ಕೊಟ್ಟೇ ಕೊಡುತ್ತೇವೆ ಎಂದು. ಈಚಿನ ವರ್ಷಗಳ ಜಗಳವೆಲ್ಲ ನಡೆದದ್ದು ಈ ಖಾತರಿಯ ಸುತ್ತ.

ಏರ್ ಇಂಡಿಯಾ ಟಾಟಾ ಸಮೂಹದ ಕೈಗೆ ಬಂದ ಮೇಲೆ 2023ರಲ್ಲಿ ಹೊಸ ಒಪ್ಪಂದವನ್ನು ಮುಂದಿಟ್ಟಿತು. 70 ಗಂಟೆಯ ಖಾತರಿ 40 ಗಂಟೆಗೆ ಇಳಿಯಿತು. ಪೈಲಟ್ ಸಂಘಗಳು ಪ್ರತಿಭಟಿಸಿದವು. ಸಾವಿರಕ್ಕೂ ಹೆಚ್ಚು ಪೈಲಟ್‌ಗಳು ರತನ್ ಟಾಟಾ ಅವರಿಗೆ ಮನವಿ ಬರೆದರು. ಮುಂದಿನ ವರ್ಷ ಅದೇ ಸಮೂಹದ ವಿಸ್ತಾರಾ ಏರ್ ಇಂಡಿಯಾದೊಳಗೆ ವಿಲೀನವಾಗುವ ಹೊತ್ತಿಗೆ ಅಲ್ಲಿಯೂ ಇದೇ 40 ಗಂಟೆಯ ಕಾಗದ ಬಂತು. 2024ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ ವಿಸ್ತಾರಾದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಅನಾರೋಗ್ಯದ ರಜೆ ಹಾಕಿದರು, ನೂರಕ್ಕೂ ಹೆಚ್ಚು ವಿಮಾನಗಳು ರದ್ದಾದವು, ಸಂಸ್ಥೆ ದಿನಕ್ಕೆ 25ರಿಂದ 30 ಹಾರಾಟಗಳನ್ನು ಕಡಿಮೆ ಮಾಡಿಕೊಳ್ಳಬೇಕಾಯಿತು. ಇಷ್ಟಾದರೂ ವಿಲೀನ ನಿಲ್ಲಲಿಲ್ಲ; 2024ರ ನವೆಂಬರ್ 12ರಂದು ವಿಸ್ತಾರಾ ಎಂಬ ಹೆಸರೇ ಆಕಾಶದಿಂದ ಇಳಿಯಿತು.

ಈ 70 ಮತ್ತು 40ರ ನಡುವಿನ ವ್ಯತ್ಯಾಸವನ್ನು ಒಂದು ಕಾಲ್ಪನಿಕ ದರದಲ್ಲಿ ನೋಡೋಣ. ಗಂಟೆಗೆ 5,000 ರೂಪಾಯಿ ಎಂದಿಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ಹಾರಲಿ ಬಿಡಲಿ, 3.5 ಲಕ್ಷ ಖಾತರಿ. ಹೊಸ ಒಪ್ಪಂದದಲ್ಲಿ ಕಂಪನಿ ಉದಾರವಾಗಿ ದರವನ್ನು 6,000ಕ್ಕೆ ಏರಿಸಿತು ಎನ್ನೋಣ. ಪೈಲಟ್ 60 ಗಂಟೆ ಹಾರಿದರೆ 3.6 ಲಕ್ಷ, ಕೈಗೆ ಹತ್ತು ಸಾವಿರ ಹೆಚ್ಚೇ ಬಂತು. ಅದೇ ಮಳೆಗಾಲದಲ್ಲಿ ಪ್ರಯಾಣಿಕರು ಕಡಿಮೆಯಾಗಿ, ಅಥವಾ ಎಂಜಿನ್ ಕೆಟ್ಟು ವಿಮಾನಗಳು ಹ್ಯಾಂಗರಿನಲ್ಲಿ ನಿಂತು, 40 ಗಂಟೆಯಷ್ಟೇ ಸಿಕ್ಕಿತೋ, 2.4 ಲಕ್ಷ. ದರ ಏರಿದೆ ಎಂದು ಕಂಪನಿ ಹೇಳುವುದೂ ನಿಜ, ಸಂಬಳ ಇಳಿದಿದೆ ಎಂದು ಪೈಲಟ್ ಹೇಳುವುದೂ ನಿಜ. ವಿಮಾನ ನಿಂತಿದ್ದಕ್ಕೆ ಪೈಲಟ್ ಕಾರಣನಲ್ಲ; ಆದರೆ ನಿಂತದ್ದರ ನಷ್ಟ ಮಾತ್ರ ಅವನ ಪಾಲಿಗೆ ಬಂತು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಕರೆಂಟು ಹೋದ ದಿನ ಪೀಸ್ ಲೆಕ್ಕದಲ್ಲಿ ಹೊಲಿಯುವವಳ ಕೂಲಿ ಹೇಗೆ ಇಳಿಯುತ್ತದೋ ಇದೂ ಹಾಗೆಯೇ, ಸೊನ್ನೆಗಳು ಮಾತ್ರ ಹೆಚ್ಚು.

ಇಂಥ ಕಡಿತಕ್ಕೆ ಇನ್ನೊಂದು ಪರಿಣಾಮವಿದೆ. ಗಂಟೆಗೆ ತಕ್ಕ ಹಣ ಎಂದಾದಾಗ ಜ್ವರ ಬಂದರೂ ರಜೆ ಹಾಕಲು ಕೈ ಹಿಂಜರಿಯುತ್ತದೆ. ನಿದ್ದೆ ಸಾಲದೆ ಬಂದೆ ಎಂದು ವರದಿ ಕೊಟ್ಟರೆ ಆ ತಿಂಗಳ ಕಂತಿಗೆ ಕುತ್ತು. ಕಾಕ್‌ಪಿಟ್‌ನಲ್ಲಿ ಹೀಗೆ ಹಿಂಜರಿಯುವವನ ಹಿಂದೆ ನೂರೈವತ್ತು ಮಂದಿ ಕುಳಿತಿರುತ್ತಾರೆ.

ಇನ್ನು ಕಂಪನಿಯ ಕಡೆಯ ಲೆಕ್ಕ. ವಿಮಾನಯಾನ ಸಂಸ್ಥೆಗಳು ಸುಳ್ಳು ಕಷ್ಟ ಹೇಳುತ್ತಿವೆ ಎನ್ನುವುದು ಸರಿಯಲ್ಲ. ಭಾರತದಲ್ಲಿ ಈ ವ್ಯಾಪಾರ ಮಾಡಿ ಮುಳುಗಿದವರ ಪಟ್ಟಿ ಉದ್ದವಿದೆ. ಖರ್ಚಿನಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಇಂಧನದ್ದು. ವಿಮಾನ ಇಂಧನ ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ, ರಾಜ್ಯಕ್ಕೊಂದು ಮಾರಾಟ ತೆರಿಗೆ. ವಿಮಾನಗಳಲ್ಲಿ ಬಹುಪಾಲು ಸ್ವಂತದ್ದಲ್ಲ, ಹೊರದೇಶದ ಲೀಸಿಂಗ್ ಕಂಪನಿಗಳಿಂದ ಬಾಡಿಗೆಗೆ ತಂದದ್ದು; ಬಾಡಿಗೆ ಡಾಲರ್‌ನಲ್ಲಿ. ಎಂಜಿನ್ ರಿಪೇರಿಯೂ ಡಾಲರ್‌ನಲ್ಲಿ. ಟಿಕೆಟ್ ಹಣ ಬರುವುದು ರೂಪಾಯಿಯಲ್ಲಿ. ರೂಪಾಯಿ ಬಿದ್ದಾಗಲೆಲ್ಲ, ಒಂದು ವಿಮಾನವೂ ಕಡಿಮೆ ಹಾರದಿದ್ದರೂ, ನಷ್ಟ ತಾನಾಗಿ ಹೆಚ್ಚುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದ್ದರಿಂದ ಯುರೋಪ್, ಅಮೆರಿಕದ ಹಾದಿ ಉದ್ದವಾಯಿತು. ಅದರ ಹೊರೆ ಮುಖ್ಯವಾಗಿ ಏರ್ ಇಂಡಿಯಾದ ಮೇಲೆ ಬಿತ್ತು.

ಈ ಖರ್ಚುಗಳಲ್ಲಿ ಕಂಪನಿಯ ಕೈಗೆ ಸಿಗುವುದು ಯಾವುದು? ತೈಲ ಕಂಪನಿ ಬಾಕಿ ಉಳಿದರೆ ಇಂಧನ ತುಂಬುವುದನ್ನೇ ನಿಲ್ಲಿಸುತ್ತದೆ. ನಿಲ್ದಾಣದವರು ಮುಂಗಡ ಕೇಳುತ್ತಾರೆ. ಬಾಡಿಗೆಗೆ ಕೊಟ್ಟವರ ಕೈಯಂತೂ ಈಚೆಗೆ ಇನ್ನಷ್ಟು ಗಟ್ಟಿಯಾಗಿದೆ, ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ತಾನಾಗಿಯೇ ದಿವಾಳಿ ಪ್ರಕ್ರಿಯೆಗೆ ಅರ್ಜಿ ಹಾಕಿತು. ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಎಂಜಿನ್‌ಗಳು ಕೈಕೊಟ್ಟದ್ದೇ ಕಾರಣ ಎಂದಿತು. ದಿವಾಳಿ ಸಂಹಿತೆಯ ಪ್ರಕಾರ ಆ ಅರ್ಜಿ ಅಂಗೀಕಾರವಾದ ಕೂಡಲೇ ಎಲ್ಲರ ವಸೂಲಿಗೂ ತಡೆ ಬೀಳುತ್ತದೆ. ವಿಮಾನದ ಮಾಲೀಕರು ತಮ್ಮ ವಿಮಾನವನ್ನೇ ಒಯ್ಯಲಾಗದೆ ಸಿಟ್ಟಾದರು. 2023ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿಮಾನ, ಎಂಜಿನ್‌ಗಳ ವಿಷಯದಲ್ಲಿ ಆ ತಡೆ ಅನ್ವಯಿಸುವುದಿಲ್ಲ ಎಂದು ಅಧಿಸೂಚನೆ ಹೊರಡಿಸಿತು. 2024ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಗೋ ಫಸ್ಟ್‌ನ 54 ವಿಮಾನಗಳ ನೋಂದಣಿ ರದ್ದು ಮಾಡಲು ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ಆದೇಶಿಸಿತು. 2025ರಲ್ಲಿ ಸಂಸತ್ತು, ಬಾಡಿಗೆಗೆ ಕೊಟ್ಟ ವಿಮಾನದ ಮೇಲೆ ಮಾಲೀಕರ ಹಕ್ಕು ಕಾಯುವ ಅಂತರರಾಷ್ಟ್ರೀಯ ಕೇಪ್ ಟೌನ್ ಒಡಂಬಡಿಕೆಗೆ ಕಾನೂನಿನ ಬಲ ಕೊಡುವ ಕಾಯ್ದೆಯನ್ನೇ ಮಾಡಿತು. ಈಗ ಸಂಸ್ಥೆ ದಿವಾಳಿಯಾದರೆ ವಿಮಾನದ ಮಾಲೀಕ ಕಾಯಬೇಕಾದದ್ದು ಎರಡು ತಿಂಗಳು. ಇದರಲ್ಲಿ ದೇಶಕ್ಕೆ ಲಾಭವೂ ಇದೆ: ವಿಮಾನ ವಾಪಸು ಸಿಗುವ ಭರವಸೆಯಿದ್ದರೆ ಬಾಡಿಗೆ ಅಗ್ಗವಾಗುತ್ತದೆ. ಆದರೆ ಅದೇ ಗೋ ಫಸ್ಟ್‌ನ ಪೈಲಟ್‌ನ ಬಾಕಿ ಸಂಬಳಕ್ಕೆ ಇಂಥ ಎರಡು ತಿಂಗಳ ಗಡುವು ಯಾವ ಕಾಯ್ದೆಯಲ್ಲೂ ಇಲ್ಲ. 2025ರ ಜನವರಿಯಲ್ಲಿ ಕಂಪನಿ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಮುಚ್ಚುವ ಹಂತಕ್ಕೆ ಹೋಯಿತು; ಸಿಬ್ಬಂದಿ ಹಕ್ಕುದಾರರ ಸಾಲಿನಲ್ಲಿ ನಿಂತರು.

ಆ ಸಾಲಿನಲ್ಲೂ ಮುಂದೆ ಹಿಂದೆ ಇದೆ. ದಿವಾಳಿ ಸಂಹಿತೆಯ 53ನೇ ಸೆಕ್ಷನ್ ಪ್ರಕಾರ ಪ್ರಕ್ರಿಯೆಯ ಖರ್ಚು ಮೊದಲು ಕಳೆಯುತ್ತದೆ. ನಂತರ ಕಾರ್ಮಿಕರ 24 ತಿಂಗಳ ಬಾಕಿ, ಭದ್ರತೆ ಪಡೆದು ಸಾಲ ಕೊಟ್ಟ ಬ್ಯಾಂಕುಗಳ ಸರಿಸಮಕ್ಕೆ. ಕಾರ್ಮಿಕರೆಂದು ಪರಿಗಣಿತರಾಗದ ಇತರ ನೌಕರರ 12 ತಿಂಗಳ ಸಂಬಳ ಅದರ ಕೆಳಗಿನ ಮೆಟ್ಟಿಲಲ್ಲಿ. ಪೈಲಟ್ ಯಾವ ಮೆಟ್ಟಿಲಿನವನು? ಕಂಪನಿಗಳು ಆತನನ್ನು ಮ್ಯಾನೇಜರ್ ಸಾಲಿಗೆ ತಳ್ಳಲು ನೋಡುತ್ತವೆ. ದೆಹಲಿ ಹೈಕೋರ್ಟ್ ಪೈಲಟ್‌ಗಳೂ ಕೈಗಾರಿಕಾ ವಿವಾದ ಕಾಯ್ದೆಯ ಕಾರ್ಮಿಕರೇ ಎಂದು ತೀರ್ಪು ಕೊಟ್ಟದ್ದುಂಟು. ಮೆಟ್ಟಿಲು ಮೇಲಾದರೂ ಖಜಾನೆ ಖಾಲಿಯಾಗಿದ್ದರೆ ಫಲವಿಲ್ಲ. ಜೆಟ್ ಏರ್‌ವೇಸ್ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಕೊಡದೆ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಹೊಸ ಮಾಲೀಕರು ಬಂದು ಎತ್ತಿ ನಿಲ್ಲಿಸುತ್ತಾರೆಂಬ ಯೋಜನೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಿತು, ಕಾರ್ಯಗತವಾಗಲಿಲ್ಲ. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಸಮಾಪನೆಗೆ ಆದೇಶಿಸಿತು. ಐದೂವರೆ ವರ್ಷ! ಅದಕ್ಕೂ ಮುಂಚೆ, ಬೆಂಗಳೂರಿನ ಕಿಂಗ್‌ಫಿಷರ್ 2012ರಲ್ಲಿ ಮುಚ್ಚಿದಾಗಲೂ ಸಂಬಳದ ಬಾಕಿ ಉಳಿದದ್ದನ್ನು ರಾಜ್ಯದವರು ಮರೆತಿರಲಾರರು.

ಹೀಗೆ ನೋಡಿದರೆ, ಕಷ್ಟಕ್ಕೆ ಬಿದ್ದ ಸಂಸ್ಥೆಗೆ ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ, ಗಡುವಿಲ್ಲದೆ ಸಾಲ ಕೊಡುವವನು ಅದರ ನೌಕರನೇ. ಸಂಬಳ ತಡವಾದರೆ ಅದು ಸಾಲ. ಕಡಿತವಾದರೆ ಅದು ಮರಳಿ ಬಾರದ ಸಾಲ.

ಹಾಗಾದರೆ ಪೈಲಟ್ ಬಿಟ್ಟು ಹೋಗಬಹುದಲ್ಲ? ಇಲ್ಲಿ ಸಿಕ್ಕು ಬಿಗಿಯಾಗುತ್ತದೆ. ಪೈಲಟ್‌ನ ಪರವಾನಗಿ ಎಲ್ಲ ವಿಮಾನಕ್ಕೂ ನಡೆಯುವುದಿಲ್ಲ. ಒಂದೊಂದು ಮಾದರಿಗೆ ಪ್ರತ್ಯೇಕ ತರಬೇತಿ ಬೇಕು, ಅದಕ್ಕೆ ಟೈಪ್ ರೇಟಿಂಗ್ ಎನ್ನುತ್ತಾರೆ. ತೋರಣಗಲ್ಲಿಗೆ ಎಟಿಆರ್ ತರುತ್ತಿದ್ದವರು ಸಂಸ್ಥೆ ನಿಂತ ಮರುದಿನ ಏರ್‌ಬಸ್ 320ರಲ್ಲಿ ಕೂರಲಾರರು. ಹೊಸ ರೇಟಿಂಗ್‌ಗೆ ಲಕ್ಷಗಟ್ಟಲೆ ಹಣ, ಸಿಮ್ಯುಲೇಟರ್‌ನಲ್ಲಿ ಸಮಯ. 90 ದಿನಗಳಲ್ಲಿ ಮೂರು ಬಾರಿ ಏರಿ ಇಳಿದಿರಬೇಕೆಂಬ ನಿಯಮವಿದೆ. ಕೆಲಸವಿಲ್ಲದೆ ಮನೆಯಲ್ಲಿ ಕೂತವನ ಅರ್ಹತೆ ದಿನದಿನಕ್ಕೆ ಸವೆಯುತ್ತದೆ, ಮತ್ತೆ ಚಾಲ್ತಿಗೆ ತರಲು ಮತ್ತೆ ಖರ್ಚು. ವಕೀಲನೋ ಲೆಕ್ಕಿಗನೋ ಒಂದು ವರ್ಷ ಮನೆಯಲ್ಲಿದ್ದರೆ ಅವನ ಪದವಿ ಹಳಸುವುದಿಲ್ಲ.

ಸೇವಾ ಹಿರಿತನ ಇನ್ನೊಂದು ಸರಪಳಿ. ಯಾರಿಗೆ ಯಾವ ರೋಸ್ಟರ್, ಯಾರಿಗೆ ಯಾವ ಬೇಸ್ (ಕೆಲಸದ ಊರು), ಯಾರು ಮೊದಲು ಕ್ಯಾಪ್ಟನ್ ಆಗುತ್ತಾರೆ ಎಂಬುದರಲ್ಲೆಲ್ಲ ಹಿರಿತನದ ಪಟ್ಟಿಯ ಕೈವಾಡವಿರುತ್ತದೆ, ಮತ್ತು ಆ ಪಟ್ಟಿ ಸಂಸ್ಥೆಯಿಂದ ಸಂಸ್ಥೆಗೆ ವರ್ಗವಾಗುವುದಿಲ್ಲ. ಹದಿನೈದು ವರ್ಷ ಹಾರಿಸಿದವನೂ ಹೊಸ ಸಂಸ್ಥೆಯಲ್ಲಿ ಬಹುಮಟ್ಟಿಗೆ ಪಟ್ಟಿಯ ಬಾಲ ಹಿಡಿಯಬೇಕು. ವಿಲೀನದ ಕಾಲದಲ್ಲಿ ಪೈಲಟ್‌ಗಳು ಸಂಬಳಕ್ಕಿಂತ ಹೆಚ್ಚಾಗಿ ಈ ಪಟ್ಟಿಗಾಗಿ ಜಗಳವಾಡುವುದು ಹೊರಗಿನವರಿಗೆ ವಿಚಿತ್ರವಾಗಿ ಕಾಣುತ್ತದೆ. ಒಳಗಿನವರಿಗೆ ಅದೇ ಆಸ್ತಿ.

ಮೂರನೆಯದು ಸರ್ಕಾರವೇ ಹಾಕಿದ್ದು. ಡಿಜಿಸಿಎಯ 2017ರ ನಿಯಮದಂತೆ ಕ್ಯಾಪ್ಟನ್ ರಾಜೀನಾಮೆ ಕೊಟ್ಟರೆ ಒಂದು ವರ್ಷ, ಸಹ ಪೈಲಟ್ ಆರು ತಿಂಗಳು ನೋಟಿಸ್ ಅವಧಿ ಪೂರೈಸಬೇಕು. ಒಬ್ಬ ಕ್ಯಾಪ್ಟನ್‌ನನ್ನು ತಯಾರು ಮಾಡಲು ಸಮಯ ಹಿಡಿಯುತ್ತದೆ, ಏಕಾಏಕಿ ಬಿಟ್ಟರೆ ವಿಮಾನಗಳು ರದ್ದಾಗಿ ಪ್ರಯಾಣಿಕರಿಗೆ ತೊಂದರೆ ಎಂಬುದು ಇದರ ಸಮರ್ಥನೆ. ಅದು ಸುಳ್ಳಲ್ಲ. 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟಾಗ ಆಕಾಸಾ ಏರ್ ಹಾರಾಟಗಳನ್ನು ರದ್ದು ಮಾಡಿ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆದರೆ ಒಂದು ವರ್ಷದವರೆಗೆ ಬೇರೆಡೆ ಸೇರಲಾಗದ ನೌಕರನ ಮುಂದೆ ಹೊಸ ಒಪ್ಪಂದದ ಕಾಗದ ಇಟ್ಟು ಹದಿನೈದು ದಿನದಲ್ಲಿ ಸಹಿ ಕೇಳಿದರೆ, ಆ ಮಾತುಕತೆಯಲ್ಲಿ ಯಾರ ಕೈ ಮೇಲು ಎಂದು ಬೇರೆ ಹೇಳಬೇಕೆ? ಸಾಲದ್ದಕ್ಕೆ ದೇಶದೊಳಗಿನ ವಿಮಾನ ಪ್ರಯಾಣಿಕರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಇಂಡಿಗೋ ಅಥವಾ ಏರ್ ಇಂಡಿಯಾ ಸಮೂಹದಲ್ಲೇ ಹಾರುತ್ತಾರೆ. ಕೆಲಸ ಕೊಡುವ ದೊಡ್ಡ ಮನೆಗಳು ಎರಡೇ. ಮೂರನೆಯದನ್ನು ಹುಡುಕಿ ಕೊಲ್ಲಿ ದೇಶಗಳಿಗೆ ಹೊರಟರೆ ಅದಕ್ಕೂ ಬೇಲಿ ಹಾಕುವ ಯೋಚನೆ ನಡೆದಿದೆ: 2025ರಲ್ಲಿ ಭಾರತ, ಹೊರದೇಶದ ಸಂಸ್ಥೆಗಳು ನಮ್ಮ ಪೈಲಟ್‌ಗಳನ್ನು ಸೆಳೆದುಕೊಳ್ಳದಂತೆ ಒಂದು ನೀತಿಸಂಹಿತೆ ಬೇಕೆಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯನ್ನು ಕೇಳಿತು.

ಇನ್ನು ಸಾಲ. ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಯ ಹಾರಾಟ ಬೇಕು. ಟೈಪ್ ರೇಟಿಂಗ್ ಸೇರಿದರೆ ಖರ್ಚು ಅರ್ಧ ಕೋಟಿ ದಾಟಿ ಕೋಟಿಯ ಕಡೆ ಹೋಗುತ್ತದೆ. 60 ಲಕ್ಷವನ್ನು ಶೇ 11ರ ಬಡ್ಡಿಗೆ ಹತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 82,600 ರೂಪಾಯಿ. ಮಾನ್ವಿಯಲ್ಲೋ ಗಂಗಾವತಿಯಲ್ಲೋ ನೀರಾವರಿ ಜಮೀನಿನ ಪಹಣಿ ಬ್ಯಾಂಕಿನಲ್ಲಿಟ್ಟ ಕುಟುಂಬಕ್ಕೆ ಸಂಬಳ 'ಲಕ್ಷಗಟ್ಟಲೆ' ಎಂಬುದು ಕಂತು ಕಟ್ಟಿದ ಮೇಲೆ ಉಳಿದ ಮೊತ್ತವಷ್ಟೇ. ಶೇ 30ರ ಕಡಿತವಾಯಿತು ಎನ್ನೋಣ; ಅದು ಸಂಬಳದ ಮೇಲೆ ಬೀಳುತ್ತದೆ, ಕಂತಿನ ಮೇಲಲ್ಲ. ಒಂದೂವರೆ ಲಕ್ಷ ಬರುತ್ತಿದ್ದ ಕಿರಿಯ ಸಹ ಪೈಲಟ್‌ಗೆ 1.05 ಲಕ್ಷ ಬಂದರೆ ಕಂತು ಹೋಗಿ ಉಳಿಯುವುದು 22 ಸಾವಿರ ಚಿಲ್ಲರೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಹೊಸಪೇಟೆ, ಸಂಡೂರಿನ ರಸ್ತೆಬದಿಯಲ್ಲಿ ನಿಂತ ಲಾರಿಗಳನ್ನು ನೋಡಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ರಮ ಮಾಡಿದವರು ಯಾರೋ, ಲಾರಿ ಸಾಲದ ಕಂತು ಕಟ್ಟಬೇಕಾದವರು ಯಾರೋ.

ಪೈಲಟ್‌ಗಳ ಕೊರತೆ ಇದೆ ಎಂದು ಒಂದು ದಿನ ಓದುತ್ತೇವೆ, ಪೈಲಟ್‌ಗಳಿಗೆ ಕೆಲಸವಿಲ್ಲ ಎಂದು ಇನ್ನೊಂದು ದಿನ. ಎರಡೂ ಸರಿ. ಕೊರತೆ ಇರುವುದು ಅನುಭವಿ ಕ್ಯಾಪ್ಟನ್‌ಗಳದ್ದು. 200 ಗಂಟೆ ಮುಗಿಸಿ ಪರವಾನಗಿ ಹಿಡಿದು ನಿಂತ ಹೊಸಬರ ಸಾಲು ಉದ್ದವಿದೆ. ಇವರನ್ನು ಅವರನ್ನಾಗಿ ಮಾಡಲು ವರ್ಷಗಳು ಬೇಕು. ಆ ಖರ್ಚನ್ನು ಕಷ್ಟಕಾಲದಲ್ಲಿ ಮಾಡಲು ಯಾವ ಸಂಸ್ಥೆಯೂ ಮುಂದಾಗದು, ಹಾಗಾಗಿ ಒಳ್ಳೆಯ ಕಾಲ ಬಂದಾಗ ಕ್ಯಾಪ್ಟನ್‌ಗಳು ಸಿಗುವುದಿಲ್ಲ.

2025ರ ಡಿಸೆಂಬರ್ ಇದಕ್ಕೆ ದೊಡ್ಡ ಸಾಕ್ಷಿ. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸುವ, ರಾತ್ರಿ ಪಾಳಿಯ ಇಳಿಸುವಿಕೆಗಳನ್ನು ಆರರಿಂದ ಎರಡಕ್ಕೆ ಇಳಿಸುವ ನಿಯಮಗಳನ್ನು ಡಿಜಿಸಿಎ 2024ರ ಜನವರಿಯಲ್ಲೇ ಪ್ರಕಟಿಸಿತ್ತು. ಜಾರಿ ಮುಂದೂಡಿ ಮುಂದೂಡಿ, ಎರಡನೇ ಹಂತ 2025ರ ನವೆಂಬರ್ 1ರಂದು ಬಂತು. ಸಿದ್ಧತೆಗೆ ಹೆಚ್ಚುಕಡಿಮೆ ಎರಡು ವರ್ಷ ಸಿಕ್ಕಿದ್ದರೂ ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋಗೆ ಪೈಲಟ್‌ಗಳು ಸಾಲಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ನೇಮಕಾತಿ ತಡೆದದ್ದು, ಸಂಬಳ ಏರಿಸದೆ ಇಟ್ಟದ್ದು ಇದಕ್ಕೆ ಕಾರಣ ಎಂದು ಪೈಲಟ್‌ಗಳ ಒಕ್ಕೂಟ ಆರೋಪಿಸಿತು. ಕೊನೆಗೆ ನಿಯಮದಿಂದ ತಾತ್ಕಾಲಿಕ ವಿನಾಯಿತಿ ಸಿಕ್ಕಿದ್ದು ಸಂಸ್ಥೆಗೆ. ಅಂದರೆ ಕೊರತೆಯ ಬೆಲೆಯನ್ನೂ ಪೈಲಟ್‌ನ ನಿದ್ದೆಯೇ ತೆತ್ತಿತು.

ಕೋವಿಡ್ ಕಾಲದ ನಡೆಗಳನ್ನು ಇದರ ಜೊತೆಗಿಟ್ಟು ನೋಡಬೇಕು. 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಹಾರಾಟ ಪೂರ್ತಿ ನಿಂತಿತು. ಜುಲೈನಲ್ಲಿ ಇಂಡಿಗೋ ತನ್ನ ಸಿಬ್ಬಂದಿಯಲ್ಲಿ ಶೇ 10ರಷ್ಟು ಮಂದಿಯನ್ನು ತೆಗೆಯುವುದಾಗಿ ಘೋಷಿಸಿತು. ಆಗ ಸರ್ಕಾರದ್ದೇ ಆಗಿದ್ದ ಏರ್ ಇಂಡಿಯಾ ಆರು ತಿಂಗಳಿಂದ ಐದು ವರ್ಷದವರೆಗಿನ ಸಂಬಳರಹಿತ ರಜೆಯ ಯೋಜನೆ ತಂದಿತು. ಅದೇ ಆಗಸ್ಟ್‌ನಲ್ಲಿ, ಹಿಂದೊಮ್ಮೆ ರಾಜೀನಾಮೆ ಕೊಟ್ಟು ಹಿಂಪಡೆದಿದ್ದ 40ಕ್ಕೂ ಹೆಚ್ಚು ಪೈಲಟ್‌ಗಳನ್ನು ಏಕಾಏಕಿ ಮನೆಗೆ ಕಳಿಸಿತು. 2021ರ ಜೂನ್‌ನಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿ ಅವರನ್ನು ಮರಳಿ ತೆಗೆದುಕೊಳ್ಳಲು ಹೇಳಿತು. ವಿಮಾನಗಳೇ ಹಾರದ ಆ ದಿನಗಳಲ್ಲಿ ಕಡಿತ ಬೇಡವೇ ಬೇಡ ಎನ್ನುವುದು ಹಟವಾಗುತ್ತದೆ. ಯಾವ ಷರತ್ತಿನ ಮೇಲೆ ಕಡಿತ, ಎಷ್ಟು ದಿನದವರೆಗೆ ಎಂಬಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸ ಕಂಡಿತು.

ಬ್ರಿಟಿಷ್ ಏರ್‌ವೇಸ್ ಸಾವಿರಕ್ಕೂ ಹೆಚ್ಚು ಪೈಲಟ್‌ಗಳನ್ನು ತೆಗೆಯಲು ಹೊರಟಿತ್ತು. ಪೈಲಟ್‌ಗಳ ಸಂಘ ಬಲ್ಪಾ ಕೂತು ಮಾತಾಡಿ, ಶೇ 20ರ ಕಡಿತ, ಅದು ಎರಡು ವರ್ಷದಲ್ಲಿ ಶೇ 8ಕ್ಕೆ ಇಳಿಯಬೇಕು ಎಂದು ಬರೆಸಿಕೊಂಡು, ಕಡ್ಡಾಯವಾಗಿ ಕೆಲಸ ಕಳೆದುಕೊಳ್ಳುವವರ ಸಂಖ್ಯೆಯನ್ನು 270ರ ಆಸುಪಾಸಿಗೆ ತಂದಿತು. ಎಲ್ಲರೂ ಸ್ವಲ್ಪ ಬಿಟ್ಟುಕೊಟ್ಟರು, ಪ್ರತಿಯಾಗಿ ಏನೋ ಪಡೆದರು, ಬಿಟ್ಟದ್ದಕ್ಕೆ ಕೊನೆಯ ದಿನಾಂಕವೂ ಇತ್ತು. ಹಾಂಕಾಂಗ್‌ನ ಕ್ಯಾಥೆ ಪೆಸಿಫಿಕ್ ಬೇರೆ ದಾರಿ ಹಿಡಿಯಿತು. 2020ರ ಅಕ್ಟೋಬರ್‌ನಲ್ಲಿ 5,900 ಹುದ್ದೆ ರದ್ದು. ಉಳಿದ ಪೈಲಟ್‌ಗಳ ಮುಂದೆ ಶಾಶ್ವತ ಕಡಿತದ ಹೊಸ ಕರಾರು, ಎರಡು ವಾರಗಳ ಗಡುವು. ಬಹುತೇಕ ಎಲ್ಲರೂ ಸಹಿ ಹಾಕಿದರು. ಮಾಲೀಕರು ಗೆದ್ದಂತೆ ಕಂಡಿತು. ಮುಂದಿನ ವರ್ಷಗಳಲ್ಲಿ ಅನುಭವಿಗಳು ಒಬ್ಬೊಬ್ಬರಾಗಿ ಹೊರಟರು. 2023ರ ಕ್ರಿಸ್‌ಮಸ್ ಹೊತ್ತಿಗೆ ಕೆಲವು ಪೈಲಟ್‌ಗಳು ಕಾಯಿಲೆ ಬಿದ್ದದ್ದೇ ತಡ, ಬದಲಿಗೆ ಆಳಿಲ್ಲದೆ ವಿಮಾನಗಳು ರದ್ದಾದವು. 2024ರ ಫೆಬ್ರುವರಿ ಕೊನೆಯವರೆಗೂ ವೇಳಾಪಟ್ಟಿಯನ್ನು ಕತ್ತರಿಸಬೇಕಾಯಿತು. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಕಂಪನಿಗಳು ಓದಬೇಕಾದ ಒಂದೇ ಅಧ್ಯಾಯ ಇದು.

ಅಮೆರಿಕದ ಅನುಭವ ಇನ್ನೂ ಹಳೆಯದು. 2001ರ ಸೆಪ್ಟೆಂಬರ್ ದಾಳಿಯ ನಂತರ ಅಲ್ಲಿನ ದೊಡ್ಡ ಸಂಸ್ಥೆಗಳು ಸಾಲಾಗಿ ದಿವಾಳಿ ನ್ಯಾಯಾಲಯಕ್ಕೆ ಹೋದವು. 2004ರಲ್ಲಿ ಡೆಲ್ಟಾ ಪೈಲಟ್‌ಗಳು ಶೇ 32.5ರ ಕಡಿತ ಒಪ್ಪಿದರು. ಯುನೈಟೆಡ್‌ನವರ ಪಿಂಚಣಿಯೇ ಹೋಯಿತು. 2009ರ ಜನವರಿಯಲ್ಲಿ ಎಂಜಿನ್ ಸತ್ತ ವಿಮಾನವನ್ನು ಹಡ್ಸನ್ ನದಿಯ ಮೇಲಿಳಿಸಿ ಎಲ್ಲರನ್ನೂ ಉಳಿಸಿದ ಕ್ಯಾಪ್ಟನ್ ಸಲ್ಲೆನ್‌ಬರ್ಗರ್ ಮುಂದಿನ ತಿಂಗಳು ಸಂಸತ್ತಿನ ಸಮಿತಿಯ ಮುಂದೆ ಕೂತಾಗ, ತಮ್ಮ ಸಂಬಳ ಶೇ 40ರಷ್ಟು ಇಳಿದದ್ದನ್ನೂ ಪಿಂಚಣಿ ಹೋದದ್ದನ್ನೂ ಹೇಳಿದರು. ಅದೇ ಫೆಬ್ರುವರಿಯಲ್ಲಿ ಬಫಲೋ ಬಳಿ ಕೋಲ್ಗನ್ ಏರ್‌ನ ಸಣ್ಣ ವಿಮಾನ ಬಿದ್ದು 50 ಮಂದಿ ಸತ್ತಿದ್ದರು. ಅದರ ಸಹ ಪೈಲಟ್ ವರ್ಷಕ್ಕೆ ಸುಮಾರು 16 ಸಾವಿರ ಡಾಲರ್ ಗಳಿಸುತ್ತಿದ್ದ ಯುವತಿ. ಕೆಲಸದ ಊರಿನಲ್ಲಿ ಮನೆ ಮಾಡಲಾಗದೆ ದೇಶದ ಇನ್ನೊಂದು ತುದಿಯಿಂದ ರಾತ್ರಿಯಿಡೀ ಪ್ರಯಾಣಿಸಿ ಕೆಲಸಕ್ಕೆ ಬಂದಿದ್ದಳು. ತನಿಖೆ ಮುಖ್ಯ ಕಾರಣವಾಗಿ ಗುರುತಿಸಿದ್ದು ಕ್ಯಾಪ್ಟನ್‌ನ ತಪ್ಪು ಪ್ರತಿಕ್ರಿಯೆಯನ್ನು. ಸಂಬಳವೇ ವಿಮಾನ ಬೀಳಿಸಿತು ಎನ್ನಲಾಗದು. ಆದರೂ ಆ ಅಪಘಾತದ ಬಳಿಕವೇ ಅಮೆರಿಕದಲ್ಲಿ ವಿಶ್ರಾಂತಿ ನಿಯಮಗಳು ಬಿಗಿಯಾದವು, ಸಹ ಪೈಲಟ್‌ಗೂ 1,500 ಗಂಟೆಯ ಅನುಭವ ಬೇಕೆಂಬ ನಿಯಮ ಬಂತು.

ನಮ್ಮಲ್ಲಿ ಕಾನೂನಿನ ರಕ್ಷಣೆ ಎಷ್ಟು? 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು ತೆಗೆದುಕೊಳ್ಳಿ. 300 ಅಥವಾ ಹೆಚ್ಚು ಕಾರ್ಮಿಕರಿರುವ ಗಣಿ, ಕಾರ್ಖಾನೆ, ತೋಟಗಳಲ್ಲಿ ಕಾರ್ಮಿಕರನ್ನು ತೆಗೆಯಲು ಸರ್ಕಾರದ ಪೂರ್ವಾನುಮತಿ ಬೇಕು. ಹಿಂದೆ ಈ ಮಿತಿ 100 ಇತ್ತು. ಸಂಡೂರಿನ ದೊಡ್ಡ ಗಣಿಗೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಇದು ಅನ್ವಯಿಸುತ್ತದೆ. ಹತ್ತಾರು ಸಾವಿರ ಸಿಬ್ಬಂದಿಯ ವಿಮಾನಯಾನ ಸಂಸ್ಥೆ ಗಣಿಯೂ ಅಲ್ಲ, ಕಾರ್ಖಾನೆಯೂ ಅಲ್ಲ, ತೋಟವೂ ಅಲ್ಲ. ಪೈಲಟ್‌ನನ್ನು ಕಾರ್ಮಿಕನೆಂದು ಒಪ್ಪಿದರೂ ಅವನಿಗೆ ಸಿಗುವುದು ಒಂದು ತಿಂಗಳ ನೋಟಿಸ್, ಸೇವೆಯ ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ, ಮತ್ತು ಕೊನೆಗೆ ಬಂದವರನ್ನು ಮೊದಲು ತೆಗೆಯಬೇಕೆಂಬ ಸಾಮಾನ್ಯ ತತ್ವ. ತಾನಾಗಿ ಹೊರಡುವವನಿಗೆ ಒಂದು ವರ್ಷ, ಹೊರಹಾಕುವವರಿಗೆ ಒಂದು ತಿಂಗಳು. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟ ಮೇಲೆ ಪೈಲಟ್‌ಗಳು ಯಾಕೆ ಸಹಿ ಹಾಕುತ್ತಾರೆ ಎಂಬ ಪ್ರಶ್ನೆಗೆ ಹೆಚ್ಚಿನ ಉತ್ತರ ಬೇಕಾಗುವುದಿಲ್ಲ.

ನಮ್ಮ ಜಿಲ್ಲೆಗಳಿಗೆ ಬರುವ ಸಣ್ಣ ವಿಮಾನಗಳ ಪೈಲಟ್‌ಗಳ ಸ್ಥಿತಿ ಇನ್ನೂ ತೆಳು. ಉಡಾನ್ ಯೋಜನೆಯಲ್ಲಿ ನಷ್ಟ ತುಂಬಿಕೊಡುವ ಸಹಾಯಧನ ಒಂದು ಮಾರ್ಗಕ್ಕೆ ಮೂರು ವರ್ಷ ಮಾತ್ರ. ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿಯ 2023ರ ವರದಿಯ ಪ್ರಕಾರ ಪರಿಶೀಲಿಸಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ಮುಗಿದ ಮೇಲೂ ಉಳಿದದ್ದು 54. ಯರಮರಸ್‌ನಲ್ಲಿ ರನ್‌ವೇ ಸಿದ್ಧವಾಗಿ ಮೊದಲ ವಿಮಾನ ಇಳಿಯುವ ದಿನ ಹಾರ ತುರಾಯಿ ಇದ್ದೇ ಇರುತ್ತದೆ. ಆ ಮಾರ್ಗ ನಾಲ್ಕನೇ ವರ್ಷಕ್ಕೂ ಉಳಿಯುತ್ತದೆಯೇ ಎಂಬುದು ಊರಿನ ವ್ಯಾಪಾರಿಗೆ ಎಷ್ಟು ಮುಖ್ಯವೋ, ಎಟಿಆರ್ ರೇಟಿಂಗ್‌ಗೆ ಹಣ ಸುರಿದ ಸಹ ಪೈಲಟ್‌ಗೆ ಅದಕ್ಕಿಂತ ಹೆಚ್ಚು ಮುಖ್ಯ.

ಹೀಗಿರುವಾಗ ಮಕ್ಕಳನ್ನು ಈ ಕಸುಬಿಗೆ ಕಳಿಸಬಾರದು ಎನ್ನುವುದು ನನ್ನ ಮಾತಲ್ಲ. ದೇಶದ ಸಂಸ್ಥೆಗಳು ನೂರಾರು ವಿಮಾನಗಳಿಗೆ ಆರ್ಡರ್ ಕೊಟ್ಟು ಕೂತಿವೆ, ಅವನ್ನು ಹಾರಿಸಲು ಜನ ಬೇಕೇ ಬೇಕು. ಆದರೆ ತರಬೇತಿ ಶಾಲೆಯ ಕಚೇರಿಯಲ್ಲಿ ಕೂತಾಗ ಶುಲ್ಕ ಎಷ್ಟು, ಎಷ್ಟು ತಿಂಗಳಲ್ಲಿ 200 ಗಂಟೆ ಎಂದಷ್ಟೇ ಕೇಳಿ ಎದ್ದು ಬರುವ ಪಾಲಕರು ಇನ್ನೂ ಕೆಲವನ್ನು ಕೇಳಬೇಕು. ಹಿಂದಿನ ಎರಡು ಬ್ಯಾಚಿನವರು ಈಗ ಎಲ್ಲಿದ್ದಾರೆ, ಹಾರುತ್ತಿದ್ದಾರೋ ಕಾಯುತ್ತಿದ್ದಾರೋ? ಟೈಪ್ ರೇಟಿಂಗ್ ಖರ್ಚು ಯಾರದ್ದು, ಸಂಸ್ಥೆ ಭರಿಸಿದರೆ ಎಷ್ಟು ವರ್ಷದ ಬಾಂಡ್? ಸಂಸ್ಥೆಯೇ ಮುಳುಗಿದರೆ ಆ ಬಾಂಡ್ ಏನಾಗುತ್ತದೆ? ನೇಮಕಾತಿ ಪತ್ರದಲ್ಲಿ ಖಾತರಿ ಗಂಟೆ ಎಷ್ಟೆಂದು ಬರೆದಿದೆ, ಮತ್ತು ಅದನ್ನು ಬದಲಿಸುವ ಹಕ್ಕನ್ನು ಕಂಪನಿ ಯಾವ ಕಲಮಿನಲ್ಲಿ ತನ್ನ ಬಳಿಯೇ ಇಟ್ಟುಕೊಂಡಿದೆ? ಬ್ಯಾಂಕಿನವರನ್ನು ಕೇಳಬೇಕಾದದ್ದೂ ಒಂದಿದೆ: ಪರವಾನಗಿ ಸಿಕ್ಕ ಮೇಲೆ ಕೆಲಸ ಸಿಗುವವರೆಗೆ ಕಂತು ಶುರುವಾಗದಂತೆ ಎಷ್ಟು ತಿಂಗಳ ವಿನಾಯಿತಿ ಕೊಡುತ್ತಾರೆ, ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರುತ್ತದೆಯೇ?